ಬೀಡಿ ಬ್ರಾಂಚಿನ ಪುಸ್ತಕದಲ್ಲಿ ಸಿಕ್ಕ ಕಾಯಿಲೆ

ಮೂಡುಬಿದಿರೆ ಕಡೆಯಿಂದ ಬಂದಿದ್ದರು. 58ರ ಹೆಂಗಸು, ಜೊತೆಗೆ ಮಗಳು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬಲ ಭುಜ ಹಿಡಿದುಕೊಂಡಿದೆ ಅಂತ ಒಂದು ವರ್ಷ ಎಣ್ಣೆ ತಿಕ್ಕಿಸಿ, ಇಂಜೆಕ್ಷನ್ ಹಾಕಿಸಿ, ಕೊನೆಗೆ ಮಂಗಳೂರಿನ ನರದ ಡಾಕ್ಟರು ಅಂತ ನನ್ನ ಹತ್ತಿರ ಬಂದದ್ದು. ಕೈಯಲ್ಲಿ ಕುತ್ತಿಗೆಯ ಎಂಆರ್‌ಐ. ಸ್ವಲ್ಪ ಸವೆತ ಇತ್ತು. ಆ ವಯಸ್ಸಿಗೆ ಯಾರ ಕುತ್ತಿಗೆಯಲ್ಲಿ ಇರುವುದಿಲ್ಲ ಹೇಳಿ?

"ಏನು ತೊಂದರೆ ಅಕ್ಕ?"

"ಕೈ ಪೋಪುಜಿ ಡಾಕ್ಟ್ರೇ."

ತುಳುವಿನಲ್ಲಿ ಹಾಗಂದರೆ ಕೈ ಹೋಗುವುದಿಲ್ಲ. ನೋವು ಅನ್ನಲಿಲ್ಲ, ಜೋಮು ಅನ್ನಲಿಲ್ಲ, ಬಲ ಇಲ್ಲ ಅಂತಲೂ ಅನ್ನಲಿಲ್ಲ. ಎಂಆರ್‌ಐ ಪಕ್ಕಕ್ಕಿಟ್ಟೆ. ಯಾವ ಕೆಲಸಕ್ಕೆ ಹೋಗುವುದಿಲ್ಲ ಅಂತ ಕೇಳಿದೆ. ಬೀಡಿ ಕಟ್ಟಲಿಕ್ಕೆ, ಅಂದರು.

ಮಗಳ ಬ್ಯಾಗಿನಲ್ಲಿ ಆಧಾರ್ ಕಾರ್ಡಿನ ಜೊತೆ ಬೀಡಿ ಬ್ರಾಂಚಿನ ಪುಸ್ತಕವೂ ಇತ್ತು, ಕಟ್ಟಿದ ಬೀಡಿ ಕೊಟ್ಟು ಲೆಕ್ಕ ಬರೆಸುವ ಪುಸ್ತಕ. ತೆರೆದು ನೋಡಿದೆ. ಎರಡು ವರ್ಷದ ಹಿಂದೆ ದಿನಕ್ಕೆ 700. ಆಮೇಲೆ 600, 500. ಈಗ 300 ಆಗುವುದೇ ಕಷ್ಟ. ಕಾಯಿಲೆ ಯಾವಾಗ ಶುರುವಾಯಿತು ಅಂತ ನಮ್ಮ ಯಾವ ಸ್ಕ್ಯಾನೂ ಹೀಗೆ ತಾರೀಕು ಹಾಕಿ ಕೊಡುವುದಿಲ್ಲ.

ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ, ಅಗಲವಾಗಿ ತಾಗಿಸಿ ಅಂದೆ. ಮೊದಲ ನಾಲ್ಕೈದು ಚೆನ್ನಾಗಿಯೇ ಬಂತು. ಆಮೇಲೆ ಬೆರಳುಗಳ ನಡುವಿನ ಅಂತರ ಸಣ್ಣದಾಗುತ್ತಾ ಹೋಗಿ, ಹತ್ತರ ಹೊತ್ತಿಗೆ ನಿಂತೇ ಹೋಯಿತು. ಮಣಿಕಟ್ಟು ಹಿಡಿದು ತಿರುಗಿಸಿದರೆ ಹಲ್ಲಿನ ಚಕ್ರದ ಹಾಗೆ ತಡೆದು ತಡೆದು ಬರುತ್ತಿತ್ತು. ವರಾಂಡದಲ್ಲಿ ನಡೆಸಿದೆ. ಎಡಗೈ ಬೀಸುತ್ತಿತ್ತು, ಬಲಗೈ ಮೈಗೆ ಅಂಟಿಕೊಂಡಿತ್ತು. ನಡುಕ ಮಾತ್ರ ಇರಲೇ ಇಲ್ಲ. ಇದು ಪಾರ್ಕಿನ್ಸನ್, ಚಲನೆ ನಿಧಾನವಾಗುವ ಮಿದುಳಿನ ಕಾಯಿಲೆ. ನಡುಕವಿಲ್ಲದೆಯೂ ಅದು ಇರುತ್ತದೆ ಅಂದರೆ ಜನ ಈಗಲೂ ನಂಬುವುದಿಲ್ಲ.

ಇನ್ನೆರಡು ಪ್ರಶ್ನೆ ಉಳಿದಿತ್ತು. ವಾಸನೆ ಗೊತ್ತಾಗುತ್ತದಾ? ಮಗಳು ನಕ್ಕಳು. ಹೋದ ವಾರ ಬಂಗುಡೆ ಸಾರು ಅಡಿ ಹತ್ತಿ ಮನೆಯೆಲ್ಲ ಕಮಟು, ಅಮ್ಮ ಪಕ್ಕದಲ್ಲೇ ಕೂತಿದ್ದರೂ ಗೊತ್ತಾಗಿರಲಿಲ್ಲವಂತೆ. ನಿದ್ದೆ? ನಾಲ್ಕೈದು ವರ್ಷದಿಂದ ನಿದ್ದೆಯಲ್ಲಿ ಕಿರುಚುವುದು, ಒದೆಯುವುದು. ಎರಡೂ ಈ ಕಾಯಿಲೆಯಲ್ಲಿ ಕಾಣುವಂಥವೇ. ಭೂತದ ಉಪದ್ರ ಇರಬಹುದು ಅಂತ ಜೋಯಿಸರ ಹತ್ತಿರ ಪ್ರಶ್ನೆ ಇಡಿಸಿದ್ದರು. ನಾನು ಅದಕ್ಕೆಲ್ಲ ಬೈಯುವುದಿಲ್ಲ. ಬೈದರೆ ಮುಂದಿನ ಸಲ ನನ್ನ ಹತ್ತಿರ ಹೇಳುವುದಿಲ್ಲ, ಅಷ್ಟೇ.

ಇದಕ್ಕೆ ಒಂದು ರಕ್ತಪರೀಕ್ಷೆ ಮಾಡಿ ಹೌದು, ಅಲ್ಲ ಅನ್ನುವ ಹಾಗಿಲ್ಲ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದದ್ದು ಆರೇ ಜನರನ್ನು ನೋಡಿ. ಅವರಲ್ಲೂ ಕೆಲವರನ್ನು ನೋಡಿದ್ದು ಬೀದಿಯಲ್ಲಿ. ಇವತ್ತಿಗೂ ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ನೋಡುವುದು, ಕೇಳುವುದು.

ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಅನ್ನುವ ರಾಸಾಯನಿಕ ಕಡಿಮೆಯಾಗಿದೆ, ಗುಳಿಗೆಯಿಂದ ಅದನ್ನು ತುಂಬಿಸುತ್ತೇವೆ, ಕಾಯಿಲೆ ಪೂರ್ತಿ ಹೋಗುವುದಿಲ್ಲ, ಆದರೆ ಕೈ ಹೋಗುತ್ತದೆ ಅಂತ ಹೇಳಿದೆ. ಮಿದುಳಿನಲ್ಲಿ ಡೋಪಮಿನ್ ಆಗುವ ಲೆವೊಡೋಪಾ ಗುಳಿಗೆಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸಿದೆ. ಎರಡು ತಿಂಗಳಿಗೆ ಪುಸ್ತಕದಲ್ಲಿ 500 ಕಂಡಿತು.

ಮೂರು ವರ್ಷ ಕಳೆದ ಮೇಲೆ ಮಧ್ಯಾಹ್ನದ ಗುಳಿಗೆ ಹಿಡಿಯುವುದಿಲ್ಲ ಅಂತ ಬಂದರು. ನಾನು ಪ್ರಮಾಣ ಜಾಸ್ತಿ ಮಾಡಿದೆ. ಪ್ರಯೋಜನವಾಗಲಿಲ್ಲ. ತಪ್ಪು ನನ್ನದೇ. ಶುರುವಿನಲ್ಲಿ ವಾಕರಿಕೆ ಬಾರದಿರಲಿ ಅಂತ ಊಟವಾದ ಮೇಲೆ ತಗೊಳ್ಳಿ ಅಂದಿದ್ದೆ, ಆಮೇಲೆ ಬದಲಿಸಲು ಮರೆತಿದ್ದೆ. ಅವರು ಮೂರು ವರ್ಷವೂ ಮೀನು ಊಟ ಮಾಡಿಯೇ ನುಂಗುತ್ತಿದ್ದರು. ಮೀನಿನ ಪ್ರೋಟೀನೂ ಈ ಗುಳಿಗೆಯೂ ಕರುಳಿನಲ್ಲಿ ಒಂದೇ ಬಾಗಿಲಿನಿಂದ ನುಗ್ಗಬೇಕು. ಗುಳಿಗೆ ಹೊರಗೇ ಉಳಿಯುತ್ತಿತ್ತು.

ಈಗ ಊಟಕ್ಕೆ ಮುಕ್ಕಾಲು ಗಂಟೆ ಮೊದಲು ಗುಳಿಗೆ, ಮೀನು ರಾತ್ರಿಗೆ. ಮಧ್ಯಾಹ್ನ ಬರೀ ಗಂಜಿ ಉಪ್ಪಿನಕಾಯಿಯಾ ಅಂತ ಮುಖ ಸಣ್ಣದು ಮಾಡಿದ್ದರು. ಕಳೆದ ತಿಂಗಳು ಬಂದಾಗ ನಾನು ಕೇಳುವ ಮೊದಲೇ ಪುಸ್ತಕ ಮೇಜಿನ ಮೇಲಿಟ್ಟರು. 420.

"ಎರಡು ದಿನ ಎಲೆಯೇ ಸರಿ ಇರಲಿಲ್ಲ ಡಾಕ್ಟ್ರೇ. ಅದನ್ನು ನನ್ನ ಕೈಯ ಲೆಕ್ಕಕ್ಕೆ ಹಾಕಬೇಡಿ."