ಹವಳದ ತೊಟ್ಟಿ: ನೈಟ್ರೇಟನ್ನು ಸೊನ್ನೆಗೆ ಇಳಿಸಬೇಡಿ

ಮನೆಯಲ್ಲಿ ಸಮುದ್ರದ ಅಕ್ವೇರಿಯಂ ಇಟ್ಟವರಿಗೆಲ್ಲ ಮೊದಮೊದಲು ಒಂದೇ ಆಸೆ: ಮೀನಿನ ಊಟ, ತ್ಯಾಜ್ಯದಿಂದ ನೀರಿಗೆ ಸೇರುವ ನೈಟ್ರೇಟ್, ಫಾಸ್ಫೇಟ್ ಎರಡೂ ಟೆಸ್ಟ್ ಕಿಟ್‌ನಲ್ಲಿ ಸೊನ್ನೆ ತೋರಿಸಬೇಕು. ನನಗೂ ಅದೇ ಹಟವಿತ್ತು. ಫಾಸ್ಫೇಟ್ ಹೀರುವ ಕಬ್ಬಿಣದ ಹರಳನ್ನು ಒಂದೇ ಸಲಕ್ಕೆ ಜಾಸ್ತಿ ಹಾಕಿಬಿಟ್ಟೆ. ಸೊನ್ನೆಯೇನೋ ಬಂತು. ಎರಡು ವಾರದಲ್ಲಿ ಜೊವಾಂಥಿಡ್‌ಗಳು (ಹೂವಿನಂತೆ ಅರಳುವ, ಹವಳದ ಬಳಗದ ಜೀವಿಗಳು) ಮುಚ್ಚಿಕೊಂಡವು. ಮರಳಿನ ಮೇಲೆ ಗುಳ್ಳೆ ಗುಳ್ಳೆಯಾಗಿ ಕಂದು ಲೋಳೆ ಹಬ್ಬಿತು.

ಕಾರಣ ಸರಳ. ಹವಳದ ಮೈಯೊಳಗೆ ಪಾಚಿಯಂಥ ಸೂಕ್ಷ್ಮ ಜೀವಿಗಳಿವೆ. ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಕೊಡುವುದು ಅವೇ. ಅವಕ್ಕೆ ನೈಟ್ರೇಟ್, ಫಾಸ್ಫೇಟ್ ಸ್ವಲ್ಪವಾದರೂ ಬೇಕು, ಅಲ್ವಾ? ನೈಟ್ರೇಟ್ 5ರಿಂದ 10 ಪಿಪಿಎಂ (ಹೆಚ್ಚುಕಡಿಮೆ ಲೀಟರಿಗೆ ಅಷ್ಟು ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಇದ್ದರೆ ಸಾಕು. ಇದು ಮೆದು ಹವಳ, ಜೊವಾಂಥಿಡ್ ಇರುವ ತೊಟ್ಟಿಯ ಲೆಕ್ಕ. ಕಲ್ಲಿನಂಥ ಗಟ್ಟಿ ಹವಳಗಳಿಗೆ ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಒಂದು ಚೂರನ್ನೂ ಎತ್ತಿಕೊಂಡು ಬರಬೇಡಿ.

ಮೊದಲು ನೀರು. ಬೋರ್‌ವೆಲ್ ನೀರಿಗೆ ಉಪ್ಪು ಕಲಸಬೇಡಿ. ಅಡುಗೆಮನೆಯ ಆರ್‌ಓ ನೀರೂ ಸಾಲದು, ಅದರಲ್ಲಿ ರುಚಿಗೆಂದು ಲವಣ ಉಳಿಸಿರುತ್ತಾರೆ. ಆರ್‌ಓ ಆದ ಮೇಲೆ, ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಮೂಲಕ ಹಾಯಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಆಮೇಲೆ ಅಕ್ವೇರಿಯಂಗೆಂದೇ ಮಾಡಿದ ಸಮುದ್ರದ ಉಪ್ಪು ಹಾಕಿ 1.025 ಸಾಂದ್ರತೆಗೆ ತನ್ನಿ. ಆವಿಯಾಗಿ ಕಡಿಮೆಯಾದ ನೀರಿನ ಬದಲಿಗೆ ಹಾಕಬೇಕಾದದ್ದು ಉಪ್ಪಿಲ್ಲದ ನೀರು. ಉಪ್ಪು ಆವಿಯಾಗುವುದಿಲ್ಲ.

ವಾರಕ್ಕೊಮ್ಮೆ, ಒಂದೇ ಹೊತ್ತಿಗೆ ನೈಟ್ರೇಟ್, ಫಾಸ್ಫೇಟ್, ಕ್ಷಾರೀಯತೆ ಅಳೆದು ದಿನಾಂಕದ ಜೊತೆ ಬರೆದಿಡಿ. ಕ್ಷಾರೀಯತೆ 8ರಿಂದ 9 ಡಿಕೆಎಚ್ (ಕ್ಷಾರೀಯತೆ ಅಳೆಯುವ ಮಾನ) ಸುತ್ತ ಅಲುಗಾಡದೆ ನಿಂತಿರಲಿ. ಕಿಟ್‌ನ ಚೀಟಿಯನ್ನು ಓದಿ. ಕೆಲವು ಕಿಟ್‌ಗಳು ನೈಟ್ರೇಟಿನಲ್ಲಿರುವ ಸಾರಜನಕವನ್ನು ಮಾತ್ರ ತೋರಿಸುತ್ತವೆ. ಆಗ ಬಂದ ಅಂಕಿಯನ್ನು 4.4ರಿಂದ ಗುಣಿಸಬೇಕು. ಒಂದು ಸಲದ ಅಂಕಿ ನೋಡಿ ಗಾಬರಿಯಾಗಬೇಡಿ, ಮೂರು ನಾಲ್ಕು ವಾರ ಅದು ಯಾವ ಕಡೆ ಸಾಗುತ್ತಿದೆ ಎಂದು ನೋಡಿ.

ಅಂಕಿ ಏರುತ್ತಿದ್ದರೆ ಮೊದಲು ಮೀನಿನ ಊಟ ನೋಡಿ. ತೊಟ್ಟಿಯೊಳಗೆ ಪೋಷಕಾಂಶ ಬರುವ ದೊಡ್ಡ ಬಾಗಿಲು ಅದೇ. ಎರಡು ನಿಮಿಷದಲ್ಲಿ ತಿಂದು ಮುಗಿಯುವಷ್ಟೇ ಹಾಕಿ. ನೊರೆಯ ಜೊತೆ ಕೊಳೆ ಎತ್ತುವ ಸ್ಕಿಮ್ಮರ್‌ನ ಕಪ್ ತೊಳೆಯಿರಿ, ಕೊಳೆ ಸೋಸುವ ಬಟ್ಟೆಚೀಲವಾದ ಫಿಲ್ಟರ್ ಸಾಕ್ಸನ್ನು ಮೂರು ದಿನಕ್ಕೊಮ್ಮೆ ಬದಲಿಸಿ. ತೊಟ್ಟಿಯ ಕೆಳಗೆ ಜೋಡಿಸಿದ ಚಿಕ್ಕ ತೊಟ್ಟಿಯಲ್ಲಿ (ಸಂಪ್) ಜಾಗವಿದ್ದರೆ ಕೀಟೊಮಾರ್ಫಾ ಪಾಚಿ ಬೆಳೆಸಿ. ಅದನ್ನು ಕಿತ್ತು ಹೊರಗೆ ಹಾಕಿದಾಗೆಲ್ಲ ನೈಟ್ರೇಟ್, ಫಾಸ್ಫೇಟ್ ಎರಡೂ ಅದರ ಜೊತೆ ಹೋಗುತ್ತವೆ.

ನೀರು ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. ನೈಟ್ರೇಟ್ 40 ಇದ್ದಾಗ ನೂರು ಲೀಟರಿನಲ್ಲಿ 10 ಲೀಟರ್ ಬದಲಿಸಿದರೆ ಉಳಿಯುವುದು 36. ಫಾಸ್ಫೇಟ್ ಇನ್ನೂ ಮೊಂಡು. ಅದು ಕಲ್ಲು, ಮರಳಿಗೆ ಅಂಟಿಕೊಂಡಿರುತ್ತದೆ. ನೀರಿನಲ್ಲಿ ಕಡಿಮೆಯಾದಂತೆ ಅಲ್ಲಿಂದ ಮತ್ತೆ ಬಿಡುತ್ತದೆ. ಹಾಗಾಗಿ ಹರಳು ಹಾಕಲೇಬೇಕಾದರೆ ಪ್ಯಾಕೆಟ್ ಹೇಳಿದ ಅಳತೆಯ ಕಾಲುಭಾಗದಿಂದ ಶುರುಮಾಡಿ, ಎರಡು ದಿನಕ್ಕೊಮ್ಮೆ ಅಳೆಯಿರಿ. ವೋಡ್ಕಾ, ವಿನಿಗರ್ ಹಾಕಿ ನೈಟ್ರೇಟ್, ಫಾಸ್ಫೇಟ್ ಹೀರುವ ಬ್ಯಾಕ್ಟೀರಿಯಾ ಬೆಳೆಸುವ ದಾರಿಯೂ ಇದೆ. ಆದರೆ ಅಳತೆ ತಪ್ಪಿದರೆ ನೀರು ಮಬ್ಬಾಗಿ ಆಮ್ಲಜನಕ ಕುಸಿಯುತ್ತದೆ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ.

ಅಂಕಿ ಸೊನ್ನೆಗೆ ಇಳಿದಿದ್ದರೆ? ಮೊದಲು ಹರಳು ಹೊರಗೆ ತೆಗೆಯಿರಿ. ಸ್ಕಿಮ್ಮರನ್ನು ದಿನಕ್ಕೆ ಕೆಲವು ಗಂಟೆ ನಿಲ್ಲಿಸಿ, ಆದರೆ ನೀರಿನ ಮೇಲ್ಮೈ ಪಂಪ್‌ನಿಂದ ಅಲುಗಾಡುತ್ತಿರಲಿ. ಮೀನಿಗೆ ಊಟ ಸ್ವಲ್ಪ ಹೆಚ್ಚಿಸಿ. ನೀರು ಬದಲಿಸುವುದನ್ನು ಕೆಲವು ವಾರ ಮುಂದೂಡಿ. ಕಂದು ಲೋಳೆಯನ್ನು ಸಣ್ಣ ಪೈಪಿನಿಂದ ಹೀರಿ, ಅದೇ ನೀರನ್ನು ತುಂಬ ಸಣ್ಣ ರಂಧ್ರದ ಫಿಲ್ಟರ್ ಸಾಕ್ಸ್‌ನಲ್ಲಿ ಸೋಸಿ ವಾಪಸ್ ಬಿಡಿ. ನನ್ನ ತೊಟ್ಟಿಯಲ್ಲಿ ಫಾಸ್ಫೇಟ್ 0.05ಕ್ಕೆ ಬಂದು ನಿಲ್ಲಲು ಐದು ವಾರ ಹಿಡಿಯಿತು. ಲೋಳೆ ಪೂರ್ತಿ ಹೋಗಲು ಇನ್ನೂ ಒಂದು ತಿಂಗಳು ಬೇಕಾಯಿತು.