ಎಸರಿಟ್ಟ ಮೇಲೆ ಉಬ್ಬಿದ ರಾಗಿ ಬ್ರೆಡ್

ನೂರಕ್ಕೆ 25 ಪಾಲು ರಾಗಿ ಹಾಕಿದ ಬ್ರೆಡ್ಡು ಟಿನ್ನಿನ ಅಂಚು ದಾಟಿ ಉಬ್ಬುತ್ತದೆ. ಹಿಟ್ಟಿಗೆ ಅಂಟು ಕೊಡುವ ಗ್ಲುಟನ್ ಪುಡಿ ಬೇಡ, ಬೇಕರಿಯವರು ಚೆನ್ನಾಗಿ ಉಬ್ಬಲಿ ಅಂತ ಹಾಕುವ ಇಂಪ್ರೂವರ್ ಬೇಡ. ಕೋಲಾರದ ನಮ್ಮ ಮನೆಯ ಮಾಮೂಲಿ ಓಟಿಜಿ ಕರೆಂಟ್ ಓವನ್‌ನಲ್ಲೇ ಆಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಆಗಲ್ಲ ಅಂದವರು ಒಬ್ಬಿಬ್ಬರಲ್ಲ.

ಬೆಂಗಳೂರಿನಲ್ಲಿ ಎರಡು ದಿನದ ಬ್ರೆಡ್ ಕ್ಲಾಸಿಗೆ 4500 ರೂಪಾಯಿ ಕಟ್ಟಿ ಹೋಗಿದ್ದೆ. ಅಲ್ಲಿ ಹೇಳಿಕೊಟ್ಟವರು ರಾಗಿ ಹತ್ತು ಪರ್ಸೆಂಟ್ ದಾಟಿದರೆ ಆಸೆ ಬಿಟ್ಟುಬಿಡಿ ಅಂದರು. ನಮ್ಮೂರ ಬಸ್ ಸ್ಟ್ಯಾಂಡ್ ಕಡೆ ಒಂದು ಬೇಕರಿಯಲ್ಲಿ ಹಳೇ ಮಾಸ್ಟರ್ ಇದ್ದಾರೆ, ಬನ್ನು ಬ್ರೆಡ್ಡಿನಲ್ಲಿ ಪಳಗಿದ ಕೈ. ಅವರನ್ನೂ ಕೇಳಿದೆ. "ಅಕ್ಕಾ, ರಾಗಿಗೆ ಅಂಟೇ ಇಲ್ಲ. ಸುಮ್ನೆ ಮುದ್ದೆ ಮಾಡ್ಕೊಂಡು ತಿನ್ನಿ, ಯಾಕೆ ಒದ್ದಾಡ್ತೀರ?" ಅಂದರು. ನಮ್ಮತ್ತೆಯಂತೂ ಬಿಡಿ. ಮೊದಲ ಬ್ರೆಡ್ಡು ಓವನ್‌ನಿಂದ ಹೊರಗೆ ಬಂದಾಗ ಬೆರಳಲ್ಲಿ ತಟ್ಟಿ ನೋಡಿ, "ಇದನ್ನ ಇಟ್ಟಿಗೆ ಗೂಡಿಗೆ ಕಳಿಸಮ್ಮ, ಮಾಲೂರು ಕಡೆ ತಗೋತಾರೆ" ಅಂದರು.

ಮೊದಮೊದಲು ನಾನು ಮಾಡುತ್ತಿದ್ದದ್ದು ಎಲ್ಲರೂ ಮಾಡುವುದೇ. ಮೈದಾಗೆ ರಾಗಿ ಹಿಟ್ಟು ಒಣದಾಗಿ ಬೆರೆಸುವುದು, ಈಸ್ಟ್ ಹಾಕುವುದು, ನಾದುವುದು. ಹಸಿ ರಾಗಿ ನೀರನ್ನು ತಡವಾಗಿ ಕುಡಿಯುತ್ತದೆ. ನಾದುವಾಗ ಹದ ಸರಿ ಇದೆ ಅನಿಸುತ್ತದೆ, ಒಂದು ಗಂಟೆ ಬಿಟ್ಟು ನೋಡಿದರೆ ಗಟ್ಟಿಯಾಗಿ ಮೇಲೆ ಬಿರುಕು ಬಿಟ್ಟಿರುತ್ತದೆ. ನೀರು ಜಾಸ್ತಿ ಮಾಡಿದರೆ ಪಕ್ಕಕ್ಕೆ ಹರಡುತ್ತದೆ, ಮೇಲೇಳುವುದಿಲ್ಲ. ಬೇಯಿಸಿದ ಮೇಲೂ ನಾಲಿಗೆಗೆ ಮರಳು ಮರಳು.

ಆಮೇಲೆ ಮೊಳಕೆ ರಾಗಿ ಹಿಟ್ಟಿಗೆ ಹೋದೆ. ಪರಿಮಳ ಏನು ಹೇಳಲಿ, ಇಡೀ ಮನೆ ಘಮ್ ಅನ್ನುತ್ತಿತ್ತು. ಆದರೆ ಕೊಯ್ದು ನೋಡಿದರೆ ಒಳಗೆಲ್ಲ ಅಂಟಂಟು, ಚಾಕುವಿಗೆ ಮೆತ್ತಿಕೊಳ್ಳುತ್ತಿತ್ತು. ಇನ್ನೂ ಬೇಯಬೇಕೇನೋ ಅಂತ ಮತ್ತೆ ಇಟ್ಟರೆ ಮೇಲೆ ಕರಕಲು, ಒಳಗೆ ಅದೇ ಅಂಟು. ಮೊಳಕೆ ಬಂದ ಕಾಳು ತನ್ನ ಪಿಷ್ಟವನ್ನು ತಾನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಮಗುವಿಗೆ ಕೊಡುವ ಮಣ್ಣಿ ತೆಳ್ಳಗಿರುವುದೂ ಅದರಿಂದಲೇ. ಬ್ರೆಡ್ಡಿಗೆ ಅದೇ ಶತ್ರು. ಅಂತೂ ಆ ಹಿಟ್ಟನ್ನು ಎಸೆಯಲಿಲ್ಲ. ಈಗ ಒಂದು ಬ್ರೆಡ್ಡಿಗೆ ಅರ್ಧ ಟೀ ಚಮಚ ಮಾತ್ರ ಹಾಕುತ್ತೇನೆ. ಅಷ್ಟಾದರೆ ಈಸ್ಟಿಗೆ ಊಟ, ಮೇಲಿನ ಬಣ್ಣವೂ ಚೆನ್ನ. ಒಂದು ಚಮಚ ದಾಟಿದರೆ ಮತ್ತೆ ಅಂಟು.

ಗ್ಲುಟನ್ ಪುಡಿಯನ್ನೂ ತರಿಸಿದೆ. ಅರ್ಧ ಕೆಜಿಗೆ ಮುನ್ನೂರು ಚಿಲ್ಲರೆ ಕೊಟ್ಟ ನೆನಪು. ಉಬ್ಬಿತು, ಇಲ್ಲ ಅನ್ನಲ್ಲ. ಆದರೆ ಜಗಿದು ಜಗಿದು ದವಡೆ ನೋವು. ಆ ದುಡ್ಡು ಬ್ರೆಡ್ಡಿನ ಬೆಲೆಗೆ ಸೇರಿಸಿದರೆ ಕೋಲಾರದಲ್ಲಿ ಯಾರು ಕೊಳ್ಳುತ್ತಾರೆ? ಅಂಬಲಿ ಹುಳಿಯಿಂದ ಸೋರ್‌ಡೋ, ಅಂದರೆ ಅಂಗಡಿ ಈಸ್ಟ್ ಇಲ್ಲದ ಹುಳಿ ಬ್ರೆಡ್, ಕೂಡ ಮಾಡಿದ್ದೇನೆ. ಮೇ ತಿಂಗಳ ಸೆಕೆಗೆ ಐದಾರು ದಿನದಲ್ಲಿ ಸ್ಟಾರ್ಟರ್, ಅಂದರೆ ಹುಳಿ ಬಂದ ಹೆಪ್ಪಿನ ಹಿಟ್ಟು, ಬುರುಬುರು ಎದ್ದಿತು. ಬ್ರೆಡ್ಡೂ ಆಯಿತು. ನನಗೆ ಇಷ್ಟ, ಮನೆಯಲ್ಲಿ ಬೇರೆ ಯಾರಿಗೂ ಸೇರಲಿಲ್ಲ. "ಹಳಸಿದೆ" ಅಂತ ಯಜಮಾನರು ಹಸುವಿಗೆ ಹಾಕಿಬಿಟ್ಟರು.

ಈ ಎಲ್ಲದಕ್ಕೂ ಮೈದಾ, ಬೆಣ್ಣೆ, ಕರೆಂಟು ಸೇರಿ ಆರೇಳು ಸಾವಿರ ಹೋಗಿದೆ. ಲೆಕ್ಕ ಬರೆದಿಟ್ಟಿಲ್ಲ, ಬರೆದಿದ್ದರೆ ನಿಲ್ಲಿಸಿಬಿಡುತ್ತಿದ್ದೆನೋ ಏನೋ.

ಕೊನೆಗೆ ನಾನು ಮಾಡಿದ್ದು ಮಾಸ್ಟರ್ ಹೇಳಿದ್ದನ್ನೇ. ಮುದ್ದೆ ಮಾಡಿದೆ. ತಿನ್ನುವ ಬದಲು ಹಿಟ್ಟಿಗೆ ಸೇರಿಸಿದೆ. ಜಪಾನ್, ಚೀನಾ ಕಡೆಯವರು ಮೈದಾವನ್ನೇ ಸ್ವಲ್ಪ ಗಂಜಿ ಕಾಯಿಸಿ ಹಾಕಿ ಮೆತ್ತನೆ ಬ್ರೆಡ್ ಮಾಡುತ್ತಾರೆ, ನಿಮಗೂ ಗೊತ್ತಿರುತ್ತದೆ. ಗಂಜಿ ಕಾಯಿಸುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ?

ಒಂದು ಬ್ರೆಡ್ಡಿಗೆ 100 ಗ್ರಾಂ ರಾಗಿ ಹಿಟ್ಟು, 300 ಗ್ರಾಂ ಮೈದಾ. ರಾಗಿಗೆ ಸುಮಾರು 170 ಎಂಎಲ್ ಎಸರಿಡುತ್ತೇನೆ, ಮುದ್ದೆಗೆ ಇಡುವುದಕ್ಕಿಂತ ಕೊಂಚ ಕಮ್ಮಿ. ಎಸರು ಕುದಿ ಬಂದಾಗ ಹಿಟ್ಟು ಹಾಕಿ, ಉರಿ ಸಣ್ಣ ಮಾಡಿ, ಎರಡು ನಿಮಿಷ ಮುಚ್ಚಿಟ್ಟು, ಕೋಲಿನಲ್ಲಿ ಗಂಟಿಲ್ಲದಂತೆ ತೊಳಸಬೇಕು. ಇಲ್ಲಿ ಅವಸರ ಮಾಡಬೇಡಿ. ಹಸಿ ವಾಸನೆ ಹೋಗಿ ಮುದ್ದೆ ಹೊಳಪು ಬಂದರೆ ಮರಳು ಮರಳು ಅನ್ನುವ ದೂರು ಅಲ್ಲಿಗೇ ಮುಗಿಯಿತು. ತಟ್ಟೆಗೆ ಹರಡಿ ಆರಲು ಬಿಡಿ. ಮುಟ್ಟಿದರೆ ಬಿಸಿಯೇ ಗೊತ್ತಾಗಬಾರದು. ಬೆಚ್ಚಗಿದ್ದಾಗಲೇ ಹಾಕಿದರೆ ಏಪ್ರಿಲ್ ತಿಂಗಳಲ್ಲಿ ಹಿಟ್ಟು ಕೈಮೀರಿ ಹುಳಿ ಬರುತ್ತದೆ.

ಎಸರಿಗೆ ನಾನು ಇನ್ನೊಂದು ವಸ್ತು ಹಾಕುತ್ತೇನೆ. ಅದು ಏನು ಅಂತ ಬರೆಯಲ್ಲ. ಅದಿಲ್ಲದೆಯೂ ಬ್ರೆಡ್ ಉಬ್ಬುತ್ತದೆ, ಎರಡನೇ ದಿನ ಒಣಗುತ್ತದೆ ಅಷ್ಟೇ.

ಎರಡನೇ ಮುಖ್ಯ ವಿಷಯ, ರಾಗಿಯನ್ನು ಮೊದಲೇ ಸೇರಿಸಬಾರದು. ಮೈದಾ, 5 ಗ್ರಾಂ ಇನ್‌ಸ್ಟಂಟ್ ಈಸ್ಟ್, ಒಂದು ಹಿಡಿ ಬೆಲ್ಲದ ಪುಡಿ, 160 ಎಂಎಲ್ ಹತ್ತಿರ ನೀರು, ಇಷ್ಟನ್ನೇ ಕಲಸಿ ಇಪ್ಪತ್ತು ನಿಮಿಷ ಬಿಡುತ್ತೇನೆ. ಆಮೇಲೆ 7 ಗ್ರಾಂ ಉಪ್ಪು ಹಾಕಿ, ಎಳೆದರೆ ಹರಿಯದ ಪೊರೆ ಬರುವವರೆಗೆ ನಾದುತ್ತೇನೆ. ಮೈದಾದ ಜಾಲ ಪೂರ್ತಿ ಕಟ್ಟಿಕೊಂಡ ಮೇಲೆ ಮಾತ್ರ ಮುದ್ದೆಯನ್ನು ನಿಂಬೆ ಗಾತ್ರಕ್ಕೆ ಮುರಿದು ಮುರಿದು ಸೇರಿಸುವುದು. ಮೊದಲ ಐದು ನಿಮಿಷ ಎಲ್ಲ ಕೆಟ್ಟಿತು ಅನಿಸುತ್ತದೆ. ಬಿಳಿ ಒಂದು ಕಡೆ, ಕಂದು ಒಂದು ಕಡೆ, ಕೈಗೆಲ್ಲ ಮೆತ್ತಿಕೊಂಡಿರುತ್ತದೆ. ಮೈದಾ ಉದುರಿಸಲು ಹೋಗಬೇಡಿ. ಕೈಗೆ ಎಣ್ಣೆ ಸವರಿಕೊಂಡು ನಾದುತ್ತಾ ಇರಿ, ಒಂದಾಗುತ್ತದೆ. ಕೊನೆಗೆ 25 ಗ್ರಾಂ ಬೆಣ್ಣೆ. ಬೆಣ್ಣೆ ದುಬಾರಿ ಅಂತ ಕಡಲೆಕಾಯಿ ಎಣ್ಣೆಯಲ್ಲೂ ಮಾಡಿದ್ದೇನೆ. ರಾಗಿ ಜೊತೆ ಕಡಲೆಕಾಯಿ ವಾಸನೆ ಚೆನ್ನಾಗಿಯೇ ಹೊಂದುತ್ತದೆ, ಆದರೆ ಗಿರಾಕಿಗಳಿಗೆ ಬೆಣ್ಣೆಯದ್ದೇ ಬೇಕು.

ಉಬ್ಬಲು ಬಿಡುವ ಸಮಯ ಗಡಿಯಾರ ನೋಡಿ ಹೇಳುವುದಲ್ಲ. ಕೋಲಾರದ ಡಿಸೆಂಬರ್ ಚಳಿಯಲ್ಲಿ ಎರಡು ಗಂಟೆಯೂ ಬೇಕಾಗುತ್ತದೆ, ಏಪ್ರಿಲ್‌ನಲ್ಲಿ ಮುಕ್ಕಾಲು ಗಂಟೆ ಸಾಕು. ಟಿನ್ನಿಗೆ ಹಾಕಿದ ಮೇಲೆ ಪೂರ್ತಿ ಎರಡರಷ್ಟಾಗಲು ಕಾಯಬೇಡಿ. ರಾಗಿ ಇರುವ ಹಿಟ್ಟು ಬೇಗ ಸುಸ್ತಾಗಿ ಓವನ್‌ನಲ್ಲಿ ಕುಸಿಯುತ್ತದೆ. ಅಂಚಿಗೆ ಎಷ್ಟು ಕೆಳಗೆ ಇರುವಾಗ ಒಳಗಿಡುತ್ತೇನೆ ಅನ್ನುವುದು ನನ್ನ ಕೈಗುಟ್ಟು, ನೀವೇ ಕಂಡುಕೊಳ್ಳಿ. 190 ಡಿಗ್ರಿಯಲ್ಲಿ ಮೂವತ್ತೈದರಿಂದ ನಲವತ್ತು ನಿಮಿಷ. ಬಣ್ಣ ನೋಡಿ ತೆಗೆಯಬೇಡಿ, ರಾಗಿ ಮೊದಲೇ ಕಂದು. ಅಡಿ ತಟ್ಟಿದರೆ ಟೊಳ್ಳು ಸದ್ದು ಬರಬೇಕು.

ನೀರಿನ ಬಗ್ಗೆ ಹೇಳದಿದ್ದರೆ ನಮ್ಮ ಕಡೆಯವರಿಗೆ ಅನ್ಯಾಯವಾಗುತ್ತದೆ. ನಮ್ಮದು ಬೋರ್‌ವೆಲ್ ನೀರು, ಸಿಕ್ಕಾಪಟ್ಟೆ ಗಡಸು. ಪಾತ್ರೆ ತಳದಲ್ಲಿ ಬಿಳಿ ಗರಣೆ ಕಟ್ಟುತ್ತದೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುವುದು, ನಮ್ಮ ಕೆರೆಗಳಿಗೆ ಬರುತ್ತಿದೆ. ಅದಾದ ಮೇಲೆ ನಮ್ಮ ಬೀದಿಯಲ್ಲಿ ಬತ್ತಿದ ಬೋರು ಮತ್ತೆ ಬಂದದ್ದೂ ಇದೆ. ಆದರೆ ನನ್ನ ಸಿಂಕಿಗೆ ಬರುವ ನೀರಿನ ಗಡಸುತನ ಹಾಗೇ ಇದೆ. ಆ ನೀರಲ್ಲಿ ಕಲಸಿದರೆ ಹಿಟ್ಟು ಬಿಗಿಯಾಗಿ ನಿಧಾನ ಉಬ್ಬುತ್ತದೆ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿ ತರುವ ಕ್ಯಾನ್ ನೀರಲ್ಲಿ ಕಲಸಿದರೆ ತೀರಾ ಸಡಿಲ. ನಾನು ಎರಡನ್ನೂ ಬೆರೆಸುತ್ತೇನೆ. ಮೂರು ಪಾಲು ಕ್ಯಾನ್ ನೀರಿಗೆ ಒಂದು ಪಾಲು ಬೋರ್ ನೀರು. ಕ್ಲಾಸಿನಲ್ಲಿ ನೀರಿನ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ರಾಗಿ ನನ್ನ ತವರಿನದು, ಮುಳಬಾಗಿಲು ಕಡೆ. ತಮ್ಮ ಬೆಳೆಯುವುದು ಜಿಪಿಯು 28 ತಳಿ, ಒಂದು ವರ್ಷ ಎಂಎಲ್ 365 ಹಾಕಿದ್ದ. ಮುದ್ದೆಗೆ ಎರಡೂ ಚೆನ್ನ, ಬ್ರೆಡ್ಡಿಗೆ ನನಗೇನೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಾಣುವುದು ಹಳೇ ರಾಗಿಗೂ ಹೊಸ ರಾಗಿಗೂ. ಒಂದು ವರ್ಷ ಕೂತ ರಾಗಿಯೇ ನನಗೆ ಇಷ್ಟ, ನೀರು ಹೆಚ್ಚು ಹಿಡಿಯುತ್ತದೆ. ತಮ್ಮನಿಗೆ ಬೆಂಬಲ ಬೆಲೆಯನ್ನೇ ಕೊಡುತ್ತೇನೆ. 2024-25ರಲ್ಲಿ ಕ್ವಿಂಟಲ್‌ಗೆ 4290 ಇತ್ತು. "ಅಕ್ಕ ಖರೀದಿ ಕೇಂದ್ರ ತೆಗೆದವ್ಳೆ, ಕ್ಯೂ ಇಲ್ಲ" ಅಂತ ಅವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಗಿರಣಿಯಲ್ಲಿ ಎರಡು ಸಲ ಬಿಡಿಸಿ, ಸಣ್ಣ ಜರಡಿಯಲ್ಲಿ ಹಿಡಿಯುತ್ತೇನೆ. ಜರಡಿಯಲ್ಲಿ ಉಳಿದ ತೌಡು ಟೆರೇಸಿನ ಗಿಡಗಳಿಗೆ.

ಟೆರೇಸು ಅಂದಾಗ ಟೊಮೇಟೊ ಕತೆ ಬಂತು. ಕೋಲಾರದಲ್ಲಿ ಇದ್ದುಕೊಂಡು ಬಕೆಟ್ಟಿನಲ್ಲಿ ಟೊಮೇಟೊ ಬೆಳೆಯುವುದು ಹುಚ್ಚೇ ಸರಿ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿದಾಗ ರೋಸಿಹೋಗಿ ಪೇಂಟ್ ಬಕೆಟ್ಟುಗಳಲ್ಲಿ ಹಾಕಿದೆ. ಎಲೆ ಮುದುರು ರೋಗ ಬಂದು ಅರ್ಧ ಗಿಡ ಹೋದವು. ಉಳಿದವು ಕಾಯಿ ಬಿಡುವ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಬೆಲೆ ನೆಲಕಚ್ಚಿತ್ತು! ಆಗ ಬುದ್ಧಿ ಬೇರೆ ಕಡೆ ಓಡಿತು. ಬಾಕ್ಸು ಅರವತ್ತು ಎಪ್ಪತ್ತಕ್ಕೆ ಸಿಗುವಾಗ ಎರಡು ಬಾಕ್ಸು ತಂದು, ಸೀಳಿ, ಉಪ್ಪು ಉದುರಿಸಿ, ಹಳೇ ಪಂಚೆ ಮುಚ್ಚಿ ಬಿಸಿಲಿಗೆ ಇಟ್ಟೆ. ಮಾರ್ಚ್ ಬಿಸಿಲಿಗೆ ಮೂರು ದಿನ, ಆಮೇಲೆ ಓವನ್‌ನಲ್ಲಿ ಅರ್ಧ ಗಂಟೆ. ಒಂದು ಬಾಕ್ಸಿಗೆ ಒಂದು ಕೆಜಿಯೂ ಬರಲ್ಲ, ಅಷ್ಟು ನೀರು ಅದರಲ್ಲಿ. ಆದರೆ ರುಚಿ! ಅದನ್ನು ಕತ್ತರಿಸಿ, ಕರಿಬೇವು, ಒಡೆದ ಮೆಣಸಿನ ಜೊತೆ ರಾಗಿ ಬನ್ನಿಗೆ ಹಾಕಿದರೆ ಸಂಜೆ ಕಾಫಿಗೆ ಬೇರೇನೂ ಬೇಡ. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ ಪಲ್ಯ ತುಂಬಿದ ಬನ್ನು ಮಾಡಿದ್ದೆ, ಅದಕ್ಕೂ ಬೇಡಿಕೆ ಬಂತು. ಆದರೆ ಹಿತುಕಲು ಯಾರಿಗೆ ಪುರುಸೊತ್ತಿದೆ? ಒಂದೇ ವಾರಕ್ಕೆ ಕೈಬಿಟ್ಟೆ.

ಪರಂಗಿ ಪ್ರಯೋಗ ಮಾತ್ರ ಮರೆಯಲ್ಲ. ಹಿತ್ತಲ ಮರದ ದೋರೆಗಾಯಿ ಪರಂಗಿ ರುಬ್ಬಿ ಹಿಟ್ಟಿಗೆ ಹಾಕಿದೆ. ಒಂದು ಗಂಟೆ ಆದ ಮೇಲೆ ಬಟ್ಟೆ ತೆಗೆದರೆ ದೋಸೆ ಹಿಟ್ಟಾಗಿತ್ತು. ಮಾಂಸ ಮೆತ್ತಗಾಗಲಿ ಅಂತ ಪರಂಗಿಕಾಯಿ ಹಾಕುತ್ತೇವಲ್ಲ, ಆ ಗುಣವೇ ಮೈದಾದ ಜಾಲವನ್ನೂ ತಿಂದು ಹಾಕಿತ್ತು. ಪಾತ್ರೆ ತುಂಬ ಇದ್ದದ್ದನ್ನು ಬೆಲ್ಲ, ಏಲಕ್ಕಿ ಸೇರಿಸಿ ಪಡ್ಡಿನ ಕಾವಲಿಗೆ ಹಾಕಿದೆ, ಖರ್ಚಾಯಿತು. ಪೂರ್ತಿ ಹಣ್ಣಾದುದನ್ನು ಚೆನ್ನಾಗಿ ಕುದಿಸಿ ಹಾಕಿದರೆ ಆ ತೊಂದರೆ ಇಲ್ಲ.

ಈಗ ದುಡ್ಡಿನ ಮಾತು. ಒಂದು ಬ್ರೆಡ್ಡು ಮುಕ್ಕಾಲು ಕೆಜಿಗೆ ಸ್ವಲ್ಪ ಕಮ್ಮಿ ತೂಗುತ್ತದೆ. ಸಾಮಾನು, ಕರೆಂಟು, ಕವರು ಎಲ್ಲ ಸೇರಿ ಐವತ್ತು ರೂಪಾಯಿ ಆಸುಪಾಸು ಬೀಳುತ್ತದೆ, 130ಕ್ಕೆ ಮಾರುತ್ತೇನೆ. ನನ್ನ ಕೂಲಿ ಅದರಲ್ಲೇ. ತಿಂಡಿ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ, ಅದೇನೂ ಭಾರವಲ್ಲ. ಭಾರ ಆಗಿದ್ದು ಕರೆಂಟು. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಆರ್ಡರ್ ಜಾಸ್ತಿ ಬಂದ ಒಂದು ತಿಂಗಳು ಗೀಟು ದಾಟಿ, ಬಂದ ಲಾಭದಲ್ಲಿ ಒಳ್ಳೇ ಪಾಲು ಬಿಲ್ಲಿಗೇ ಹೋಯಿತು. ಅಲ್ಲಿಂದ ವಾರಕ್ಕೆ ಎರಡೇ ದಿನ, ಬುಧವಾರ ಮತ್ತು ಶನಿವಾರ. ಓವನ್ ಒಂದು ಸಲ ಬಿಸಿಯಾದರೆ ಒಂದರ ಹಿಂದೆ ಒಂದು, ತಣ್ಣಗಾಗಲು ಬಿಡುವುದಿಲ್ಲ. ತಿಂಗಳ ಕೊನೆಗೆ ಮೀಟರ್ ನೋಡಿಯೇ ಆರ್ಡರ್ ಒಪ್ಪಿಕೊಳ್ಳುವುದು.

2023 ಸಿರಿಧಾನ್ಯ ವರ್ಷ ಅಂತ ಆದ ಮೇಲೆ ಅಂಗಡಿಗಳಲ್ಲೂ ರಾಗಿ ಬ್ರೆಡ್ಡು ಕಾಣುತ್ತಿದೆ. ಪೊಟ್ಟಣ ತಿರುಗಿಸಿ ರಾಗಿ ಎಷ್ಟು ಪರ್ಸೆಂಟ್ ಅಂತ ಓದಿ. ನನ್ನದರಲ್ಲೂ ಮೈದಾನೇ ಜಾಸ್ತಿ, ಅದನ್ನು ಲೇಬಲ್ಲಿನಲ್ಲಿ ಬರೆದೇ ಕೊಡುತ್ತೇನೆ. ಶುಗರ್‌ಗೆ ಒಳ್ಳೇದಾ ಅಂತ ಕೇಳುವವರಿಗೆ ಡಾಕ್ಟರ್ ಕೇಳಿ ಅನ್ನುತ್ತೇನೆ. 25 ಪಾಲಿಗಿಂತ ಮೇಲೆ ಹೋಗಲು ಈಗಲೂ ನೋಡುತ್ತಿದ್ದೇನೆ. 35 ಹಾಕಿದಾಗ ಬನ್ನಿಗೆ ಪರವಾಗಿಲ್ಲ, ಟಿನ್ನಿನಲ್ಲಿ ನಡು ಕುಸಿಯುತ್ತದೆ.

ಬೇಕರಿ ಮಾಸ್ಟರಿಗೆ ಒಂದು ಬ್ರೆಡ್ಡು ಕೊಟ್ಟು ಬಂದಿದ್ದೆ. ಅವರು ಕೊಯ್ದು, ಮೂಸಿ, ಬೆರಳಲ್ಲಿ ಒತ್ತಿ ನೋಡಿ, "ಎಷ್ಟು ಇಂಪ್ರೂವರ್ ಹಾಕಿದ್ರಿ?" ಅಂತಲೇ ಕೇಳಿದರು. ಏನೂ ಇಲ್ಲ ಅಂದರೆ ನಂಬಲಿಲ್ಲ. ಈಗ ರಾಗಿ ಬ್ರೆಡ್ ಕೇಳಿಕೊಂಡು ಅವರ ಹತ್ತಿರ ಹೋದವರನ್ನು ನನ್ನ ಮನೆಗೇ ಕಳಿಸುತ್ತಾರೆ.

ಮಾರಾಟವಾಗದೆ ಉಳಿದದ್ದು, ನಡು ಕುಸಿದದ್ದು ಎಲ್ಲ ಹೋಳು ಮಾಡಿ 120 ಡಿಗ್ರಿಯಲ್ಲಿ ಒಣಗಿಸಿ ರಸ್ಕ್ ಮಾಡುತ್ತಿದ್ದೆ. ಆ ರಸ್ಕು ಬ್ರೆಡ್ಡಿಗಿಂತ ಬೇಗ ಖಾಲಿಯಾಗುತ್ತಿದೆ. ಕಾಲು ಕೆಜಿಗೆ 90 ರೂಪಾಯಿ. ಅತ್ತೆ ಹಲ್ಲು ಕಟ್ಟಿಸಿಕೊಂಡವರು, ಕಾಫಿಯಲ್ಲಿ ಅದ್ದಿಕೊಂಡು ದಿನಾ ಎರಡು ತಿನ್ನುತ್ತಾರೆ. ಹಾಗಾಗಿ ಈಗ ಶನಿವಾರ ಎರಡು ಬ್ರೆಡ್ಡು ರಸ್ಕಿಗೆ ಅಂತಲೇ ಬೇಕಂತ ಜಾಸ್ತಿ ಇಡುತ್ತೇನೆ. ಬೇಕಾದವರು ಶುಕ್ರವಾರ ಮಧ್ಯಾಹ್ನದ ಒಳಗೆ ಹೇಳಬೇಕು, ಎಸರಿಡುವುದು ಆವತ್ತು ರಾತ್ರಿ.