ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ಕೈ ಬಾವು: ಅಲ್ಟ್ರಾಸೌಂಡ್‌ನಲ್ಲಿ ನೋಡುವುದು, ಅಳೆಯುವುದು

ಕಂಕುಳಿನ ಗ್ರಂಥಿಗಳನ್ನು ತೆಗೆದಿದ್ದರೆ, ಅದರ ಮೇಲೆ ರೇಡಿಯೇಷನ್ ಕೂಡ ಆಗಿದ್ದರೆ, ಆ ಬದಿಯ ಕೈಯಲ್ಲಿ ದುಗ್ಧರಸ (ಲಿಂಫ್) ಸರಿಯಾಗಿ ಹರಿಯದೆ ಬಾವು ಬರಬಹುದು. ಇದೇ ಲಿಂಫೆಡೀಮಾ. ಆಪರೇಷನ್ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಆಗಿದ್ದರೂ ಮುಂದಿನ ವರ್ಷಗಳ ನಿಗಾ ನಡೆಯಬೇಕಾದದ್ದು ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನಲ್ಲೇ. ದುಗ್ಧರಸದ ಹರಿವನ್ನು ತೋರಿಸುವ ಲಿಂಫೊಸಿಂಟಿಗ್ರಫಿ ಪರೀಕ್ಷೆಗೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಬೇಕು. ಅಲ್ಟ್ರಾಸೌಂಡ್‌ಗೆ ಥೈರಾಯ್ಡ್ ನೋಡುವ ಲೀನಿಯರ್ ಪ್ರೋಬ್ ಸಾಕು.

ಟೇಪು ಹಿಡಿದರೆ ಕೈ ಎಷ್ಟು ದಪ್ಪವಾಗಿದೆ ಎಂದಷ್ಟೇ ತಿಳಿಯುತ್ತದೆ. ಆ ದಪ್ಪ ನೀರಿನದೋ, ಬೆಳೆದ ಕೊಬ್ಬಿನದೋ, ಗಟ್ಟಿಯಾದ ನಾರಿನದೋ ಎಂದು ತೋರಿಸುವುದು ಸ್ಕ್ಯಾನ್. ಬಾವು ಇಳಿಸಲು ಒತ್ತಡದ ಬ್ಯಾಂಡೇಜ್ ಕಟ್ಟಿದರೆ ಮುಖ್ಯವಾಗಿ ಇಳಿಯುವುದು ನೀರು, ಹಾಗಾಗಿ ಈ ವ್ಯತ್ಯಾಸ ಚಿಕಿತ್ಸೆಯನ್ನೇ ಬದಲಿಸುತ್ತದೆ.

ಮೊದಲು ಅಪಾಯದ ಕಾರಣಗಳು

ಬಾವು ಒಂದೆರಡು ದಿನದಲ್ಲಿ ಏರಿದ್ದರೆ, ನೋವಿದ್ದರೆ, ಕೈ ನೀಲಿಯಾಗಿದ್ದರೆ, ಕಿಮೋ ಔಷಧಿ ಕೊಡಲು ರಕ್ತನಾಳಕ್ಕೆ ಪೋರ್ಟ್ ಅಥವಾ ಪಿಕ್ ಲೈನ್ ಎಂಬ ಕೊಳವೆ ಹಾಕಿದ್ದರೆ ಚರ್ಮ ಅಳೆಯುವ ಮುನ್ನ ರಕ್ತನಾಳ ನೋಡಿ. ತೋಳಿನ ಮತ್ತು ಕಂಕುಳಿನ ವೇನ್‌ಗಳನ್ನು ಪ್ರೋಬ್‌ನಿಂದ ಒತ್ತಿದಾಗ ಪೂರ್ತಿ ಮುಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಒಳಗೆ ಹೆಪ್ಪು ಇರಬಹುದು. ಕಾಲರ್ ಮೂಳೆಯ ಕೆಳಗಿನ ಭಾಗವನ್ನು ಒತ್ತಲಾಗುವುದಿಲ್ಲ. ಅಲ್ಲಿ ರಕ್ತದ ಹರಿವನ್ನು ತೋರಿಸುವ ಕಲರ್ ಡಾಪ್ಲರ್ ಹಾಕಿ, ಉಸಿರಾಟದೊಂದಿಗೆ ಹರಿವು ಏರಿಳಿಯುತ್ತಿದೆಯೇ ಎಂದು ಇನ್ನೊಂದು ಬದಿಯ ಜೊತೆ ಹೋಲಿಸಿ. ಆಮೇಲೆ ಕಂಕುಳು ಮತ್ತು ಕಾಲರ್ ಮೂಳೆಯ ಮೇಲ್ಭಾಗದಲ್ಲಿ ಕ್ಯಾನ್ಸರ್ ಮರಳಿ ಗ್ರಂಥಿ ಬೆಳೆದಿದೆಯೇ ನೋಡಿ. ಬೆರಳು ಜೋಮು ಹಿಡಿದಿದ್ದರೆ, ಕೈಯ ಬಲ ಕುಂದಿದ್ದರೆ ಈ ಹೆಜ್ಜೆಯನ್ನು ಬಿಡಲೇಬೇಡಿ. ಹೆಪ್ಪು ಅಥವಾ ಹೊಸ ಗಂಟು ಕಂಡರೆ ಅಳತೆಯನ್ನು ಅಲ್ಲಿಗೇ ನಿಲ್ಲಿಸಿ, ರೋಗಿಯನ್ನು ಅದೇ ದಿನ ಚಿಕಿತ್ಸೆ ಕೊಡುವ ವೈದ್ಯರ ಬಳಿಗೆ ಕಳಿಸಿ.

ತಯಾರಿ

ಬಳೆ, ಉಂಗುರ ತೆಗೆಸಿ. ಅಂಗಾತ ಮಲಗಿಸಿ, ಕೈಯನ್ನು ಮೈಯಿಂದ ಸ್ವಲ್ಪ ದೂರಕ್ಕೆ ಸರಿಸಿ, ಅಂಗೈ ಮೇಲೆ ಮಾಡಿ, ಎದೆಯ ಮಟ್ಟಕ್ಕೆ ದಿಂಬು ಕೊಟ್ಟು 10 ನಿಮಿಷ ಬಿಡಿ. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ದಿನವಿಡೀ ಗಿಡಕ್ಕೆ ಕೈಯೆತ್ತಿ ಕೆಲಸ ಮಾಡಿದವರ ಕೈ ಸಂಜೆಗೆ ಬೆಳಗಿನಂತೆ ಇರುವುದಿಲ್ಲ. ಹಿಂದಿನ ಸ್ಕ್ಯಾನ್ ಬೆಳಿಗ್ಗೆ ಆಗಿದ್ದರೆ ಈ ಸಲವೂ ಬೆಳಿಗ್ಗೆಯೇ ಕರೆಸಿ. ಬಾವು ತಡೆಯುವ ಬಿಗಿ ತೋಳುಚೀಲ (ಪ್ರೆಶರ್ ಸ್ಲೀವ್) ಹಾಕಿಕೊಂಡು ಬಂದಿದ್ದರೆ ಎಷ್ಟು ಹೊತ್ತಿಗೆ ತೆಗೆದರೆಂದು ಬರೆದಿಡಿ.

ಮೊಣಕೈ ಒಳಬದಿಯ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಮೇಲೆ, 10 ಸೆಂ.ಮೀ. ಕೆಳಗೆ ಪೆನ್ನಿನಿಂದ ಗುರುತು ಹಾಕಿ, ಎರಡೂ ಕೈಗೆ. ಕಿರುಬೆರಳಿನ ಕಡೆಯ ಮುಂಗೈ ಮತ್ತು ತೋಳಿನ ಹಿಂಬದಿಯನ್ನು ಬಿಡಬೇಡಿ. ನೀರು ಅಲ್ಲೇ ಮೊದಲು ನಿಲ್ಲುವುದು ಹೆಚ್ಚು, ಮುಂಬದಿಯೊಂದನ್ನೇ ನೋಡಿದರೆ ಆರಂಭದ ಬಾವು ತಪ್ಪಿಹೋಗುತ್ತದೆ. ಫಿಸಿಯೋಥೆರಪಿಸ್ಟ್ ಕೂಡ ಇದೇ ಗುರುತುಗಳಲ್ಲಿ ಟೇಪು ಹಿಡಿದರೆ ಎರಡೂ ಅಳತೆ ತಾಳೆಯಾಗುತ್ತವೆ.

ಅಳೆಯುವಾಗ ಎಲ್ಲಿ ಕೆಡುತ್ತದೆ

ಅಳತೆ ಕೆಡುವುದು ಹೆಚ್ಚಾಗಿ ಒತ್ತಡದಿಂದ. ನೀರು ತುಂಬಿದ ಮೃದು ಪದರ ಪ್ರೋಬಿನ ಭಾರಕ್ಕೇ ಕುಗ್ಗುತ್ತದೆ, ಬಾವಿಲ್ಲದ ಕೈ ಅಷ್ಟು ಕುಗ್ಗುವುದಿಲ್ಲ, ಹಾಗಾಗಿ ಇರುವ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಜೆಲ್ ಧಾರಾಳವಾಗಿ ಹಾಕಿ, ಕಿರುಬೆರಳನ್ನು ಹಾಸಿಗೆಗೆ ಊರಿ ಪ್ರೋಬನ್ನು ಜೆಲ್ ಮೇಲೆ ತೇಲಿಸಿ. ಪರದೆಯಲ್ಲಿ ಪ್ರೋಬಿಗೂ ಚರ್ಮಕ್ಕೂ ನಡುವೆ ಜೆಲ್‌ನ ಕಪ್ಪು ಪಟ್ಟಿ ಉದ್ದಕ್ಕೂ ಕಾಣುತ್ತಿರಬೇಕು. ಅದು ಮಾಯವಾದರೆ ಆ ಚಿತ್ರವನ್ನು ಅಳೆಯಬೇಡಿ.

12 ಮೆಗಾಹರ್ಟ್ಸ್ ಅಥವಾ ಹೆಚ್ಚಿನ ಆವರ್ತನದ ಪ್ರೋಬ್ ಒಳ್ಳೆಯದು, 15ರ ಮೇಲಿದ್ದರೆ ಚರ್ಮದ ಗಡಿ ಇನ್ನೂ ಸ್ಪಷ್ಟ. ಆಳ 3ರಿಂದ 4 ಸೆಂ.ಮೀ. ಇಡಿ. ಗೇನ್, ಫೋಕಸ್, ಆಳ ಎರಡೂ ಕೈಗೆ ಒಂದೇ ಇರಲಿ. ಆಟೋ ಆಪ್ಟಿಮೈಸ್ ಬಟನ್ ಒತ್ತಬೇಡಿ, ಅದು ಒಂದೊಂದು ಕೈಗೆ ಒಂದೊಂದು ಬೆಳಕು ಕೊಟ್ಟು ಹೋಲಿಕೆಯನ್ನು ಹಾಳುಮಾಡುತ್ತದೆ. ಪ್ರೋಬ್ ಚರ್ಮಕ್ಕೆ ನೇರವಾಗಿರಲಿ, ವಾಲಿದರೆ ದಪ್ಪ ಹೆಚ್ಚಾಗಿ ಕಾಣುತ್ತದೆ.

ಎರಡು ಅಳತೆ ತೆಗೆಯಿರಿ: ಚರ್ಮದ ಮೇಲಂಚಿನಿಂದ ಕೊಬ್ಬು ಶುರುವಾಗುವವರೆಗೆ, ಅಲ್ಲಿಂದ ಸ್ನಾಯುವಿನ ಮೇಲಿನ ಬಿಳಿ ಪೊರೆಯವರೆಗೆ. ಪ್ರತಿ ಜಾಗದಲ್ಲಿ ಪ್ರೋಬ್ ಎತ್ತಿ ಮತ್ತೆ ಇಟ್ಟು ಮೂರು ಸಲ ಅಳೆದು ಸರಾಸರಿ ಬರೆಯಿರಿ. ಇಷ್ಟು ಮಿಲಿಮೀಟರ್ ದಾಟಿದರೆ ಕಾಯಿಲೆ ಎಂಬ ಒಂದೇ ಗೆರೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಅವರದೇ ಇನ್ನೊಂದು ಕೈ ಮತ್ತು ಅವರದೇ ಹಳೆಯ ಅಳತೆ ಆಧಾರ. ಆಪರೇಷನ್‌ಗೆ ಮುಂಚೆಯೇ ಒಂದು ಅಳತೆ ಇದ್ದರೆ ಅದಕ್ಕಿಂತ ಬೆಲೆಬಾಳುವುದು ಬೇರೊಂದಿಲ್ಲ.

ಚಿತ್ರ ಓದುವುದು

ಕೊಬ್ಬಿನ ಪದರದ ಬಿಳುಪನ್ನು 0, 1, 2 ಎಂದು ಗುರುತಿಸಿ: ಬಿಳುಪು ಹೆಚ್ಚಿಲ್ಲದಿದ್ದರೆ 0, ಹೆಚ್ಚಿದ್ದರೂ ನಾರಿನ ಗೆರೆಗಳು ಕಂಡರೆ 1, ಗೆರೆಗಳೇ ಕಾಣದಷ್ಟು ಮಸುಕಾಗಿದ್ದರೆ 2. ನೀರಿನ ಕಪ್ಪು ಸಂದಿಗಳಿಗೆ ಬೇರೆ ಅಂಕ: ಇಲ್ಲದಿದ್ದರೆ 0, ಅಡ್ಡವಾಗಿ ಮಾತ್ರ ಇದ್ದರೆ 1, ಅಡ್ಡಡ್ಡ ಉದ್ದುದ್ದ ಕೂಡಿಕೊಂಡು ಚಪ್ಪಡಿಗಳ ಸಂದಿಯಲ್ಲಿ ನೀರು ನಿಂತ ಹಾಗೆ ಕಂಡರೆ 2. ಪದರ ದಪ್ಪವಾಗಿದ್ದೂ ಕಪ್ಪು ಸಂದಿ ಇಲ್ಲದಿದ್ದರೆ ಕೊಬ್ಬು ಅಥವಾ ನಾರು ಬೆಳೆದಿರಬಹುದು, ಬ್ಯಾಂಡೇಜ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ.

ಈ ಚಿತ್ರ ಲಿಂಫೆಡೀಮಾದ್ದು ಮಾತ್ರ ಎಂದು ತಿಳಿಯಬಾರದು. ಚರ್ಮದ ಸೋಂಕಿನಲ್ಲೂ ಹೀಗೇ ಕಾಣುತ್ತದೆ. ಮುಳ್ಳು ಗೀಚಿದ ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದಿದ್ದರೆ ಮೊದಲು ಬೇಕಾದದ್ದು ಆಂಟಿಬಯೋಟಿಕ್. ಎರಡೂ ಕೈ ಊದಿದ್ದರೆ ಡೋಸಿಟಾಕ್ಸೆಲ್ ಎಂಬ ಕಿಮೋ ಔಷಧಿ, ಹೃದಯ, ಕಿಡ್ನಿ, ರಕ್ತದ ಅಲ್ಬುಮಿನ್ ಪ್ರೋಟೀನ್ ಕಡೆ ಗಮನ ಹೋಗಬೇಕು.

ವರದಿ

"ಕೈ ಊತವಿದೆ" ಎಂದು ಬರೆದರೆ ಮುಂದಿನವರಿಗೆ ಪ್ರಯೋಜನವಿಲ್ಲ. ಜಾಗ, ಎರಡೂ ಕೈಯ ಮಿಲಿಮೀಟರ್, ಎರಡೂ ಅಂಕ, ವೇನ್ ಮತ್ತು ಗ್ರಂಥಿಗಳ ಸ್ಥಿತಿ, ಪ್ರೋಬಿನ ಆವರ್ತನ, ಸಮಯ ಇರಲಿ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ, ಸಾಧ್ಯವಾದರೆ ಅದೇ ಯಂತ್ರದಲ್ಲಿ ಅದೇ ವೈದ್ಯರೇ ನೋಡಲಿ. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಕೈ ಸ್ಕ್ಯಾನ್ ಮಾಡುವ ಯಂತ್ರಕ್ಕೂ ಅನ್ವಯಿಸುತ್ತದೆ. ಪೋರ್ಟಬಲ್ ಯಂತ್ರವನ್ನು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಒಯ್ಯುವ ಯೋಚನೆ ಬೇಡ, ನೋಂದಾಯಿತ ಕೇಂದ್ರಕ್ಕೇ ಕರೆಸಿ. ಬರುವಾಗ ಹಳೆಯ ವರದಿ ಮತ್ತು ಫಿಲ್ಮ್ ತರಲು ಮೊದಲೇ ತಿಳಿಸಿ.